ಪೀರಪ್ಪ ಮಿಸ್ತ್ರಿಯ ಇಜಾಜತ್

ಗೇರ್‌ಬಾಕ್ಸಿನಿಂದ ಎಣ್ಣೆ ಸೋರುತ್ತಿರುವುದನ್ನು ಮೊದಲು ನೋಡಿದವಳು ನಮ್ಮ ನರ್ಸ್ ಲಾಲಮ್ಮ. ಚಿತ್ತಾಪುರದ ದವಾಖಾನೆಯ ಅಂಗಳಕ್ಕೆ ಹಾಸಿದ ಕಲ್ಲಿನ ಮೇಲೆ, ನಾನು ದಿನಾ ಕಾರು ನಿಲ್ಲಿಸುತ್ತಿದ್ದ ಜಾಗದಲ್ಲಿ, ಅಂಗೈಯಗಲದ ಕಪ್ಪು ಕಲೆ ಬಿದ್ದಿತ್ತು. "ಬಾಯಾರ, ನಿಮ್ಮ ಗಾಡಿಗೂ ಒಳಗ ಒಂದು ಮಂಚ ಹಾಕಬೇಕಾಗ್ತದ ನೋಡ್ರಿ" ಎಂದಳು. ನಾನು ನಗಲಿಲ್ಲ. ನನಗೆ ನಗು ತಡವಾಗಿ ಬರುತ್ತದೆ, ಸಿಟ್ಟು ಬೇಗ ಬರುತ್ತದೆ. ಊರಿನವರಿಗೆಲ್ಲ ಅದು ಗೊತ್ತಿತ್ತು.

ಇದು ಎಪ್ಪತ್ತೊಂದನೆಯ ಇಸವಿಯ ಮಾತು. ನನ್ನ ಹೆಸರು ಸೂಗಮ್ಮ, ಹುಟ್ಟಿದ ಊರು ಸೇಡಂ, ಆಗ ಚಿತ್ತಾಪುರದಲ್ಲಿ ಲೇಡಿ ಡಾಕ್ಟರಾಗಿದ್ದೆ. ಕಾರು ವಿಲಾಯತಿಯದು. ಎರಡೇ ಸೀಟು, ಮೇಲೆ ಬಟ್ಟೆಯ ಟಪ್ಪು, ನೆಲಕ್ಕೆ ಅಂಟಿಕೊಂಡಂತೆ ಓಡುವ ಸ್ಪೋರ್ಟ್ಸ್ ಕಾರು. ಶಹಾಬಾದಿನಲ್ಲಿದ್ದ ಇಂಗ್ಲಿಷ್ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಹೊರಟಾಗ ಅದನ್ನು ಮಾರಲು ಇಟ್ಟಿದ್ದ. ಹೆಂಡತಿ ಮಕ್ಕಳನ್ನು ಕೂರಿಸಲು ಜಾಗವಿಲ್ಲದ ಗಾಡಿಯನ್ನು ನಮ್ಮ ಕಡೆ ಯಾರು ಕೊಳ್ಳುತ್ತಾರೆ? ನನಗೆ ಗಂಡನೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಒಂದು ಸೀಟು ನನಗೆ, ಇನ್ನೊಂದು ಲಾಲಮ್ಮನಿಗೆ, ಅವಳ ತೊಡೆಯ ಮೇಲೆ ಹೆರಿಗೆಯ ಪೆಟ್ಟಿಗೆ. ಮುಧೋಳ, ಕೋಡ್ಲಾ, ಚಿಂಚೋಳಿಯ ಕಡೆಯ ತಾಂಡಾಗಳು, ಎಲ್ಲಿಂದ ಕರೆ ಬಂದರೂ ಹೋಗುತ್ತಿದ್ದೆವು. ಹಳ್ಳಿಗಳಲ್ಲಿ ಅದಕ್ಕೆ ಹೆರಿಗಿ ಮೋಟಾರು ಎಂದೇ ಹೆಸರು. ಹೊಲದಲ್ಲಿದ್ದ ಹೆಂಗಸರು ಅದನ್ನು ಕಂಡರೆ ಕುಡುಗೋಲು ಕೆಳಗಿಟ್ಟು, ಯಾರ ಮನೆಗೆ ಹೊರಟಿದೆ ಎಂದು ಮಾತಾಡಿಕೊಳ್ಳುತ್ತಿದ್ದರು.

ಆ ಗಾಡಿಯ ಒಳಗನ್ನು ಬಲ್ಲವರು ನಮ್ಮ ಸೀಮೆಯಲ್ಲಿ ಒಬ್ಬರೇ, ವಾಡಿಯ ಪೀರಪ್ಪ ಮಿಸ್ತ್ರಿ. ಇಪ್ಪತ್ತು ವರ್ಷ ಗಣಿಗಳಲ್ಲಿ ಕಲ್ಲು ಪುಡಿ ಮಾಡುವ ಯಂತ್ರಗಳನ್ನು ರಿಪೇರಿ ಮಾಡಿದವರು. ಆಮೇಲೆ ವಾಡಿ ಸ್ಟೇಷನ್ನಿನ ಆಚೆ, ಕಲ್ಲು ಕೊಯ್ಯುವವರ ಪಕ್ಕದಲ್ಲೇ, ತಗಡಿನ ಶೆಡ್ಡು ಹಾಕಿಕೊಂಡು ಲಾರಿಗಳನ್ನು ನೋಡುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುವರು. ಯಾವ ಹಲ್ಲು ಸವೆದಿದೆ, ಯಾವ ಬೇರಿಂಗು ಹೋಗಿದೆ ಎಂದು ಬಿಚ್ಚುವ ಮೊದಲೇ ಹೇಳುವರು. ನಾನು ಸ್ಟೆತಾಸ್ಕೋಪಿನಲ್ಲಿ ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಿರಲಿಲ್ಲ. ಇದನ್ನು ಈಗ ಹೇಳುತ್ತಿದ್ದೇನೆ. ಆಗ ಯಾರಾದರೂ ಹೇಳಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ.

ಪೀರಪ್ಪ ನನ್ನ ರೋಗಿಯೂ ಹೌದು. ಕೆಮ್ಮು, ದಮ್ಮು, ಮೈ ಇಳಿದು ಹೋಗಿತ್ತು. ನಮ್ಮ ಕಡೆ ಅಂಥ ಕೆಮ್ಮೆಂದರೆ ಕ್ಷಯವೇ. ಕಫದ ಪರೀಕ್ಷೆಯಲ್ಲಿ ಎರಡು ಸಲವೂ ಏನೂ ಸಿಗಲಿಲ್ಲ. ಸಿಗದಿದ್ದರೇನಂತೆ, ಎದೆಯ ಸದ್ದು ಕೇಳಿದರೆ ನನಗೆ ಗೊತ್ತಾಗುವುದಿಲ್ಲವೇ ಎಂದು ಕ್ಷಯದ ಸೂಜಿ ಶುರು ಮಾಡಿದೆ. ಮೊದಲು ದಿನಾ, ಆಮೇಲೆ ವಾರಕ್ಕೆರಡು, ಹೀಗೆ ಹತ್ತು ತಿಂಗಳಿಂದ ನಡೆದಿತ್ತು. ಒಮ್ಮೆ ಅವರು, "ಹೈದ್ರಾಬಾದಿಗೆ ಹೋಗಿ ಎದಿ ಫೋಟೊ ತಗಸ್ಕೊಂಡು ಬರ್ಲೇನ್ರಿ ಬಾಯಾರ?" ಎಂದು ಕೇಳಿದ್ದರು.

"ಯಾಕ, ನನ್ನ ಮ್ಯಾಲ ಭರೋಸಾ ಇಲ್ಲೇನು?" ಎಂದೆ.

ಅವರು ನಾಲಿಗೆ ಕಚ್ಚಿಕೊಂಡರು. ಮತ್ತೆ ಆ ಮಾತು ಎತ್ತಲಿಲ್ಲ.

ಎಣ್ಣೆ ಸೋರಿದಾಗ ಕಾರನ್ನು ಅವರಲ್ಲಿಗೇ ಒಯ್ದೆ. ಗೇರ್‌ಬಾಕ್ಸನ್ನು ಕೆಳಗಿಳಿಸಿ, ಬಿಚ್ಚಿ, ತೊಳೆದು, ವಾಷರು ಬದಲಿಸಿ ಮುಚ್ಚಿದರು. ಕೊನೆಯ ನಟ್ಟಿನ ಮೇಲೆ ಬೆರಳ ತುದಿಯಿಂದ ಕೆಂಪು ಬಣ್ಣದ ಬೊಟ್ಟಿಟ್ಟರು. ವಾಡಿ, ಶಹಾಬಾದಿನ ಮಿಸ್ತ್ರಿಗಳ ರಿವಾಜು ಅದು. ಒಬ್ಬರು ಬೊಟ್ಟಿಟ್ಟು ಮುಚ್ಚಿದ ಪೆಟ್ಟಿಗೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮುಟ್ಟಲೇಬೇಕಾದರೆ ಮೊದಲಿನವರ ಹತ್ತಿರ ಹೋಗಿ ಇಜಾಜತ್ ಕೇಳಬೇಕು, ಅಂದರೆ ಅವರ ಒಪ್ಪಿಗೆ. ಕೇಳಿದರೆ ಅವರು ಇಲ್ಲವೆನ್ನುವ ಹಾಗಿಲ್ಲ. ಆದರೆ ಒಂದು ಸಲ ಇಜಾಜತ್ ಕೊಟ್ಟರೆಂದರೆ ಇಂಥ ಮಿಸ್ತ್ರಿಯ ಕೈ ಕೆಟ್ಟಿದೆಯಂತೆ ಎಂಬ ಮಾತು ಹಬ್ಬುತ್ತದೆ. ಆ ಶೆಡ್ಡಿನ ಮುಂದೆ ಆಮೇಲೆ ಲಾರಿಗಳು ನಿಲ್ಲುವುದಿಲ್ಲ.

ಎಂಟು ದಿನಕ್ಕೆ ಮತ್ತೆ ಸೋರಿತು. ಪೀರಪ್ಪ ಮತ್ತೆ ಬಿಚ್ಚಿ, ಮೊದಲಿಗಿಂತ ಬಿಗಿಯಾಗಿ ಮುಚ್ಚಿದರು. ಈ ಸಲ ಮೂರು ದಿನವೂ ತಡೆಯಲಿಲ್ಲ. ಮೂರನೆಯ ಸಲ ಅವರು ಎರಡು ದಿನ ಕಾರಿನ ಕೆಳಗೇ ಮಲಗಿದ್ದರು. ಕಾರನ್ನು ಕೊಡುವಾಗ ನನ್ನ ಮುಖ ನೋಡಲಿಲ್ಲ. ಚಿತ್ತಾಪುರ ಮುಟ್ಟುವಷ್ಟರಲ್ಲಿ ಕೆಳಗೆ ಎಣ್ಣೆಯ ಹನಿ ತೊಟ್ಟಿಕ್ಕುತ್ತಿತ್ತು.

ಆಗ ಶಹಾಬಾದಿಗೆ ಹೋದೆ. ಅಲ್ಲಿ ಖಂಡಪ್ಪ ಎನ್ನುವವರದು ದೊಡ್ಡ ವರ್ಕ್‌ಶಾಪು, ಲೇತು ಮೆಷಿನ್ನು, ಆರೇಳು ಆಳು. ಖಂಡಪ್ಪ ಕಾರಿನ ಕೆಳಗೆ ಬಗ್ಗಿ ನೋಡಿ ಎದ್ದುನಿಂತು ಕೈ ಒರೆಸಿಕೊಂಡರು.

"ಇದು ಪೀರಪ್ಪ ಉಸ್ತಾದರ ಬೊಟ್ಟು. ಅವ್ರು ಹೂಂ ಅಂದ್ರ ಈಗೇ ಬಿಚ್ತೀನಿ. ಇಲ್ಲಾಂದ್ರ ನನಗ ಕೈ ಹಚ್ಚಲಿಕ್ಕಿ ಬರಂಗಿಲ್ಲ್ರಿ."

"ಗಾಡಿ ನಂದೋ, ಪೀರಪ್ಪನವರದೋ?"

"ಗಾಡಿ ನಿಮ್ದೇ ಅದ್ರಿ. ಬೊಟ್ಟು ಅವರ್ದದ."

ಕಾರಿನ ಬಾಗಿಲನ್ನು ಧಡಾರೆಂದು ಹಾಕಿಕೊಂಡು ಬಂದೆ. ಗುಲಬರ್ಗಾಕ್ಕೆ ಒಯ್ದರೂ ಇದೇ ಕತೆ. ಅಲ್ಲಿನ ಮಿಸ್ತ್ರಿಗಳಲ್ಲಿ ಅರ್ಧ ಜನ ಪೀರಪ್ಪನವರ ಹತ್ತಿರವೇ ಪಾನಾ ಹಿಡಿದು ನಟ್ಟು ಬಿಚ್ಚಲು ಕಲಿತವರು. ಉಳಿದದ್ದು ಹೈದರಾಬಾದು. ವಿಲಾಯತಿ ಕಾರುಗಳನ್ನು ಬಲ್ಲ ಗ್ಯಾರೇಜುಗಳು ಅಲ್ಲಿದ್ದವು, ವಾಡಿಯ ಬೊಟ್ಟಿನ ಅರ್ಥ ಅಲ್ಲಿ ಯಾರಿಗೂ ತಿಳಿಯದು.

"ಸುಮ್ನ ಹೈದ್ರಾಬಾದಿಗೆ ಒಯ್ರಿ ಬಾಯಾರ" ಎಂದಳು ಲಾಲಮ್ಮ. "ಯಾರಿಗಿ ಹೇಳಬ್ಯಾಡ್ರಿ. ಪೀರಪ್ಪ ಮಿಸ್ತ್ರಿ ಮಾನಾನೂ ಉಳೀತದ, ನಿಮ್ಮ ಗಾಡಿನೂ ಉಳೀತದ."

ಸುಲಭದ ದಾರಿ. ಆದರೂ ಹದಿನೈದು ದಿನ ತಳ್ಳಿದೆ. ನನ್ನನ್ನು ಬಿಟ್ಟು ಇನ್ನೊಬ್ಬ ಡಾಕ್ಟರಿಗೆ ತೋರಿಸಿಕೊಂಡು ಬಂದ ರೋಗಿಗಳನ್ನು ನಾನು ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಿದ್ದೆ. ಈಗ ಕದ್ದು ಹೋಗುವ ಸರದಿ ನನ್ನದಾಗಿತ್ತು. ಅದೂ ಅಲ್ಲದೆ, ಪೀರಪ್ಪನವರ ಹತ್ತಿರ ಉಳಿದಿದ್ದುದು ಕೈಯೊಂದೇ. ಎದೆ ಹೋಗಿತ್ತು, ಮೈ ಹೋಗಿತ್ತು. ಕೈಯೂ ಹೋಯಿತೆಂದು ನನ್ನ ಬಾಯಿಂದ ಹೇಗೆ ಹೇಳಲಿ? ಡಬ್ಬಿಯಲ್ಲಿ ಎಣ್ಣೆ ಇಟ್ಟುಕೊಂಡು, ದಾರಿಯಲ್ಲಿ ಸುರಿದುಕೊಳ್ಳುತ್ತಾ ಓಡಾಡಿದೆ.

ಒಂದು ಸೋಮವಾರ ಬೆಳಿಗ್ಗೆ ಕೋಡ್ಲಾದಿಂದ ಕರೆ ಬಂತು. ಹಣಮಮ್ಮ ಎನ್ನುವವಳಿಗೆ ಚೊಚ್ಚಲ ಹೆರಿಗೆ, ಕೂಸು ಅಡ್ಡ ತಿರುಗಿತ್ತು. ಲಾಲಮ್ಮನನ್ನು ಕೂರಿಸಿಕೊಂಡು ಹೊರಟೆ. ಕಾಗಿಣಾ ದಾಟಿ ಮಳಖೇಡದ ಏರಿನಲ್ಲಿ ಎಂಜಿನ್ನು ಕೂಗತೊಡಗಿತು, ಗಾಲಿ ಮಾತ್ರ ಮುಂದೆ ಹೋಗಲೊಲ್ಲದು. ಸೋರಿದ ಎಣ್ಣೆ ಕ್ಲಚ್ಚಿಗೆ ಇಳಿದು ಅದು ಜಾರುತ್ತಿತ್ತು. ಯಾರೋ ಪುಣ್ಯಾತ್ಮರು ಬಂಡಿ ಕೊಟ್ಟರು. ಸೇಡಂವರೆಗೆ ಬಂಡಿ, ಅಲ್ಲಿಂದ ಒಂದು ಲಾರಿ. ಮುಕ್ಕಾಲು ತಾಸಿನ ದಾರಿಗೆ ನಾಲ್ಕು ತಾಸು ಹಿಡಿಯಿತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ. ಬೇಗ ಹೋಗಿದ್ದರೆ ಉಳಿಯುತ್ತಿತ್ತೇ ಎಂದು ಆ ಮನೆಯವರು ಕೇಳಲಿಲ್ಲ. ನಾನೇ ಕೇಳಿಕೊಂಡೆ, ಈಗಲೂ ಕೇಳಿಕೊಳ್ಳುತ್ತೇನೆ.

ಮರುದಿನ ಎರಡು ಜೋಡಿ ಎತ್ತು ಕಟ್ಟಿ ಕಾರನ್ನು ಚಿತ್ತಾಪುರಕ್ಕೆ ಎಳೆದು ತಂದರು. ನಾನು ನಿಶ್ಚಯ ಮಾಡಿಯಾಗಿತ್ತು. ಶುಕ್ರವಾರ ಖಾಲಿ ಲಾರಿಯೊಂದರ ಮೇಲೆ ಹೇರಿಸಿ ಹೈದರಾಬಾದಿಗೆ ಒಯ್ಯುವುದು, ಪೀರಪ್ಪನವರಿಗೆ ಹೇಳದಿರುವುದು.

ಗುರುವಾರ ಅವರ ಸೂಜಿಯ ದಿನ. ಬಂದು ಬೆಂಚಿನ ಮೇಲೆ ಕೂತರು. ನಾನು ಸಿರಿಂಜಿಗೆ ಔಷಧಿ ತುಂಬಿಕೊಳ್ಳುತ್ತ, ಕೆಮ್ಮು ಹೇಗಿದೆ ಎಂದು ಕೇಳಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇನ್ನೊಮ್ಮೆ ಕೇಳಿದ ಮೇಲೆ, "ಅದು ಹಂಗೇ ಅದ್ರಿ" ಎಂದರು. ಸೂಜಿ ಹಾಕಿದೆ. ಅಂಗಿ ಸರಿಮಾಡಿಕೊಂಡು ಎದ್ದವರು ಹೊರಡಲಿಲ್ಲ.

"ಕೋಡ್ಲಾದ ಸುದ್ದಿ ಕೇಳೀನ್ರಿ ಬಾಯಾರ. ಕೂಸು ಹೋತಂತ."

"ಅದಕ್ಕ ನಿಮ್ಮದೇನು ತಪ್ಪು, ಮಿಸ್ತ್ರಿ?" ಎಂದೆ.

ಅವರು ಅಂಗಳಕ್ಕೆ ಇಳಿದರು. ನಾನು ಹಿಂದೆಯೇ ಹೋದೆ. ಕಾರಿನ ಪಕ್ಕ ಗೋಣಿಚೀಲ ಹಾಸಿಕೊಂಡು, ಕೈಯಲ್ಲೊಂದು ಸೀಮೆಎಣ್ಣೆಯ ಅರಿವೆ ಹಿಡಿದು ಕೆಳಗೆ ತೆವಳಿದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದಾಗ ಅರಿವೆಗೆ ಕೆಂಪು ಹತ್ತಿತ್ತು.

"ಬೊಟ್ಟು ಅಳಿಸೀನ್ರಿ. ಇಜಾಜತ್ ಕೊಟ್ಟೀನಿ ಅಂತ ಖಂಡಪ್ಪಗ ಹೇಳ್ರಿ, ಇಲ್ಲಾ ಹೈದ್ರಾಬಾದಿಗೆ ಒಯ್ರಿ. ಯಾರ ಕೈಯಾಗ ಬೇಕಾದ್ರ ಕೊಡ್ರಿ."

ನಾನು ಅವರ ಕೈಯಿಂದ ಅರಿವೆ ತೆಗೆದುಕೊಂಡೆ.

"ಮೊದ್ಲ ಗಾಡಿ ತಾನಾ ಹೇಳ್ತಿತ್ರಿ, ಇಂಥಲ್ಲಿ ಬ್ಯಾನಿ ಅದ ಅಂತ. ಈಗ ಏನೂ ಹೇಳವಲ್ದು. ಎಷ್ಟು ಬಿಗಿ ಮಾಡಿದ್ರೂ ಸೋರ್ಲಿಕತ್ತದ. ನಲವತ್ತು ವರ್ಷದ ಕೈರಿ ಇದು. ಕೆಟ್ಟದ. ಕೆಟ್ಟ ಕೈಲಿಂದ ಇನ್ನೊಂದು ಕೂಸು ಹೋಗಬಾರ್ದು."

ಇಷ್ಟು ಹೇಳುವಷ್ಟರಲ್ಲಿ ಅವರಿಗೆ ಉಸಿರು ಸಾಲದಾಯಿತು. ಮಡ್‌ಗಾರ್ಡು ಹಿಡಿದು ನಿಂತರು. ಪಕ್ಕೆಗಳು ಏರುತ್ತಿದ್ದವು, ಇಳಿಯುತ್ತಿದ್ದವು, ತುಟಿ ನೀಲಿಯಾಗಿತ್ತು. ಹತ್ತು ತಿಂಗಳು ನಾನು ಅವರ ಎದೆಯನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದ್ದೆ. ಒಂದು ಕೆಲಸ ಮಾಡಿ ಎದ್ದ ಮೇಲೆ ಹೇಗಿರುತ್ತಾರೆ ಎಂದು ನೋಡಿರಲಿಲ್ಲ. ಕ್ಷಯವಾಗಿದ್ದರೆ ಇಷ್ಟೊತ್ತಿಗೆ ಎಷ್ಟೋ ಕಡಿಮೆಯಾಗಬೇಕಿತ್ತು. ಆ ಯೋಚನೆ ಬಂದದ್ದೇ ಬಂದದ್ದು, ಮತ್ತೆ ಹೋಗಲಿಲ್ಲ. ಈ ಮನುಷ್ಯ ತನಗೆ ತಿಳಿಯದ್ದನ್ನು ತಿಳಿಯದು ಎಂದು ಅಂಗಳದಲ್ಲಿ ನಿಂತು ಹೇಳಿದ್ದರು. ನಾನು ಹತ್ತು ತಿಂಗಳಿಂದ ಬಾಯಿ ಮುಚ್ಚಿಕೊಂಡು ಸೂಜಿ ಚುಚ್ಚುತ್ತಿದ್ದೆ.

"ನಾಳಿ ನೀವೂ ನನ್ನ ಜೋಡಿ ಬರ್ರಿ" ಎಂದೆ. "ಹೈದ್ರಾಬಾದಿನ್ಯಾಗ ಎದಿ ಫೋಟೊ ತಗಸೂಣು."

ಅವರು ಗಾಬರಿಯಾದರು. "ಇಲ್ಲ್ರಿ ಇಲ್ಲ್ರಿ, ನಿಮ್ಮ ಮ್ಯಾಲ ಭರೋಸಾ ಅದ್ರಿ ನನಗ."

ಆ ಮಾತು ಕೇಳಿ ನನಗಾದ ನಾಚಿಕೆಯನ್ನು ಹೇಗೆ ಹೇಳಲಿ?

ಲಾರಿ ಬೇಕಾಗಲಿಲ್ಲ. ಪೀರಪ್ಪನವರೇ ಪೆಟ್ರೋಲ್ ಹಾಕಿ ಕ್ಲಚ್ಚನ್ನು ತೊಳೆದರು. ಹೈದರಾಬಾದ್ ಮುಟ್ಟುವವರೆಗೆ ತಡೆಯುತ್ತದೆ ಎಂದರು, ತಡೆಯಿತು. ಸೇಡಂ, ತಾಂಡೂರು ದಾಟಿ ಹೋಗುವಾಗ ಲಾಲಮ್ಮನ ಸೀಟಿನಲ್ಲಿ ಅವರು ಎಣ್ಣೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎರಡು ಸಲ ನಿಲ್ಲಿಸಿ ಎಣ್ಣೆ ಹಾಕಿದೆವು. ಮಾತು ಕಡಿಮೆ. ನಾನೇನೋ ಕೇಳಿದರೆ ಅವರು ಇನ್ನೇನೋ ಹೇಳುತ್ತಿದ್ದರು. ಗಾಳಿಯ ಸದ್ದಿಗೆ ಇರಬೇಕು ಅಂದುಕೊಂಡೆ.

ಗ್ಯಾರೇಜಿನ ಮಿಸ್ತ್ರಿ ಬಿಳಿ ಗಡ್ಡದ ಮುದುಕರು. ಕಾರನ್ನು ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದರು, ಎಂಜಿನ್ನು ಆರಿಸಿದರು, ಎಲ್ಲರಿಗೂ ಸುಮ್ಮನಿರಲು ಹೇಳಿ ಬಗ್ಗಿದರು. ಆಮೇಲೆ ಪೀರಪ್ಪನವರನ್ನು ಹತ್ತಿರ ಕರೆದು, ಕೇಳಿಸುತ್ತಿದೆಯೇ ಎಂದರು. ಪೀರಪ್ಪ ಸ್ಕ್ರೂಡ್ರೈವರ್ ತೆಗೆದು ಗೇರ್‌ಬಾಕ್ಸಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದರು. ಇನ್ನೊಂದು ಕಿವಿಗೆ ಇಟ್ಟರು. ಇಲ್ಲವೆಂದು ತಲೆಯಾಡಿಸಿದರು.

ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ನನಗೆ ಕೇಳಿಸುತ್ತಿತ್ತು. ಸುಂಯ್ ಎಂದು, ಕುಕ್ಕರಿನಿಂದ ಹೊರಡುವ ಹಾಗೆ, ಸಣ್ಣಗೆ ಗಾಳಿ ಹೊರಡುವ ಸದ್ದು.

ಮುದುಕರು ಒಳಗಿನ ಚಾಪೆ ಎತ್ತಿ, ಗೇರ್‌ಬಾಕ್ಸಿನ ಮುಚ್ಚಳದ ಮೇಲಿದ್ದ ಜೋಳದ ಕಾಳಿನಷ್ಟು ತೂತಿಗೆ ತಂತಿ ಹಾಕಿ ಎಳೆದರು. ಮೇಣದಲ್ಲಿ ಅದ್ದಿದ ಬಟ್ಟೆಯ ಬಿರಡೆ ಹೊರಬಂತು. ಬಿಸಿಯಾದ ಗಾಳಿ ಹೊರಹೋಗಲೆಂದು ಮಾಡಿದ ತೂತು ಅದು. ಅದು ಮುಚ್ಚಿದ್ದಕ್ಕೆ ಒಳಗಿನ ಗಾಳಿ ಒತ್ತಿ ಒತ್ತಿ ಎಣ್ಣೆಯನ್ನು ಸಂದುಗೊಂದಿನಿಂದ ಹೊರಗೆ ತಳ್ಳುತ್ತಿತ್ತು. ಬಿಗಿ ಮಾಡಿದಷ್ಟೂ ಸೋರಿಕೆ ಹೆಚ್ಚು.

"ಅದು ನಾನೇ ತುಂಬೀನಿ" ಎಂದರು ಪೀರಪ್ಪ. "ನಮ್ಮ ಕಡಿ ಕಲ್ಲಿನ ಧೂಳು ಭಾಳ. ಒಳಗ ಹೊಕ್ಕು ಹಲ್ಲು ತಿಂತದ. ಅದಕ್ಕ ಎಲ್ಲಾ ಗಾಡಿಗಿ ಹಿಂಗೇ ತುಂಬ್ತೀವಿ."

ಮುದುಕರು ನಗಲಿಲ್ಲ. ಲಾರಿಗಳ ಗೇರ್‌ಬಾಕ್ಸು ದೊಡ್ಡದು, ಅಲ್ಲಿ ನಡೆದುಹೋಗುತ್ತದೆ, ಇದು ಸಣ್ಣದು, ಬೇಗ ಕಾಯುತ್ತದೆ, ಅದಕ್ಕೆ ನಡೆಯಲಿಲ್ಲ ಎಂದು ಸಮಾಧಾನದಿಂದ ವಿವರಿಸಿದರು. ಧೂಳು ಹೋಗದ ಹಾಗೆ ತೂತಿಗೊಂದು ಬಗ್ಗಿಸಿದ ನಳಿಕೆ ಹಾಕಿಕೊಟ್ಟರು. ಇಪ್ಪತ್ತು ನಿಮಿಷದ ಕೆಲಸ. ಪೀರಪ್ಪ ಆ ಬಿರಡೆಯನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂತುಬಿಟ್ಟರು. ಧೂಳಿನಿಂದಲೇ ಎದೆ ಹಾಳು ಮಾಡಿಕೊಂಡವರು ಗಾಡಿಗಳ ಒಳಗೆ ಅದು ಹೋಗದಿರಲಿ ಎಂದು ಹೀಗೆ ಮುಚ್ಚಿದ್ದರು. ಎದೆಯಲ್ಲಿದ್ದದ್ದು ಧೂಳೆಂದು ಆಗ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ತಿಳಿಯಿತು.

ಎದೆರೋಗದ ಡಾಕ್ಟರು ನನಗಿಂತ ಚಿಕ್ಕವನು. ಫೋಟೊವನ್ನು ಕಿಟಕಿಗೆ ಹಿಡಿದು ಒಂದು ನಿಮಿಷವೂ ನೋಡಲಿಲ್ಲ. ಕ್ಷಯವಲ್ಲ, ಕಲ್ಲಿನ ಧೂಳು, ಎರಡೂ ಕಡೆ ತುಂಬಿದೆ ಎಂದ. ಇದಕ್ಕೆ ಔಷಧಿ ಇಲ್ಲ. ಗೊತ್ತಾದ ದಿನವೇ ಧೂಳಿನಿಂದ ದೂರ ಇಟ್ಟಿದ್ದರೆ ಇನ್ನಷ್ಟು ವರ್ಷ ಸಿಗುತ್ತಿದ್ದವು. ನಾನು ಹತ್ತು ತಿಂಗಳು ಅವರನ್ನು ಕಲ್ಲು ಕೊಯ್ಯುವವರ ಪಕ್ಕದ ಆ ಶೆಡ್ಡಿಗೇ ವಾಪಸು ಕಳಿಸುತ್ತಿದ್ದೆ. ಆಮೇಲೆ ಅವನು ಪೀರಪ್ಪನವರ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದ. ಅವರು ತಿರುಗಲಿಲ್ಲ. ಜೋರಾಗಿ ಕರೆದ. ತಿರುಗಲಿಲ್ಲ. ಎಷ್ಟು ಸೂಜಿ ಹಾಕಿದ್ದೀರಿ ಎಂದು ನನ್ನನ್ನು ಕೇಳಿದ. ಹೇಳಿದೆ. ಬರೆದುಕೊಂಡ, ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಆ ಸೂಜಿ ಕಿವಿ ಕೆಡಿಸುತ್ತದೆ ಎಂಬುದು ನಾನು ಓದಿದ ಪುಸ್ತಕದಲ್ಲೇ ಇತ್ತು. ಕಿವಿಯ ಕಡೆ ಲಕ್ಷ್ಯವಿರಲಿ ಎಂದೂ ಇತ್ತು. ಅವರು ನನ್ನ ಬಾಯಿ ನೋಡಿದಾಗಲೆಲ್ಲ, ಎರಡು ಸಲ ಕೇಳಿದಾಗಲೆಲ್ಲ, ವಯಸ್ಸು ಎಂದುಕೊಂಡೆ, ಲಾರಿಗಳ ಗದ್ದಲ ಎಂದುಕೊಂಡೆ. ಮೊದಲಿನ ಕಿವಿ ಇದ್ದಿದ್ದರೆ ಆ ಸುಂಯ್ ಎನ್ನುವ ಸದ್ದನ್ನು ಅವರು ಮೊದಲ ದಿನವೇ ಹಿಡಿಯುತ್ತಿದ್ದರು. ಬಿರಡೆಯನ್ನು ತಾವೇ ಕಿತ್ತು ಹಾಕುತ್ತಿದ್ದರು. ಮಳಖೇಡದ ಏರಿನಲ್ಲಿ ಕಾರು ನಿಲ್ಲುತ್ತಿರಲಿಲ್ಲ. ಕೂಸಿನ ವಿಷಯ, ಅದರಾಚೆಗೆ ನಾನು ಯೋಚಿಸಲಾರೆ.

ಆಸ್ಪತ್ರೆಯ ಮುಂದಿನ ಕಲ್ಲುಬೆಂಚಿನ ಮೇಲೆ ಪೀರಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಧ್ಯಾಹ್ನದ ಬಿಸಿಲು, ಎದುರಿಗೆ ಜನರ ಓಡಾಟ. ಅವರ ಪಕ್ಕ ಕೂತೆ. ಮೆಲ್ಲಗೆ ಹೇಳುವ ಮಾತು, ಮೆಲ್ಲಗೆ ಹೇಳುವ ಹಾಗಿರಲಿಲ್ಲ.

"ಮಿಸ್ತ್ರಿ, ನಿಮಗ ಕ್ಷಯ ಇಲ್ಲ. ಮೊದಲಿಂದಲೂ ಇದ್ದಿಲ್ಲ. ಕಲ್ಲಿನ ಧೂಳು ಎದಿಯಾಗ ಕುಂತದ, ಅದು ಹೋಗಂಗಿಲ್ಲ. ನಾ ಹಾಕಿದ ಸೂಜಿ ನಿಮಗ ಬೇಕಾಗೇ ಇದ್ದಿಲ್ಲ. ಆ ಸೂಜಿಲಿಂದ ನಿಮ್ಮ ಕಿವಿ ಹೋಗ್ಯಾವ. ತಪ್ಪು ನಂದದ."

ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. ನೋಡಲಿ ಎಂದು ಬಿಟ್ಟೆ.

ಅವರು ಬೆರಳಿಂದ ಕಿವಿ ಮುಟ್ಟಿ ನೋಡಿಕೊಂಡರು. "ಕಿವಿ ಸೂಜಿಲಿಂದ ಹೋಗ್ಯಾವೇನ್ರಿ?"

"ಹೌದು."

"ಮತ್ತ ಬರ್ತಾವೇನ್ರಿ?"

"ಇಲ್ಲ."

ಬೈಯಲಿ ಎಂದು ಕಾದೆ. ಬೈಯಲೇಬೇಕಿತ್ತು. ನಾನಾಗಿದ್ದರೆ ಆಸ್ಪತ್ರೆಯ ಕಲ್ಲು ಕಿತ್ತುಹೋಗುವ ಹಾಗೆ ಬೈಯುತ್ತಿದ್ದೆ. ಪೀರಪ್ಪ ಮಾತ್ರ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ, ಅಂಗೈ ತಿರುಗಿಸಿ, ಮತ್ತೆ ಹಿಂಗೈ ತಿರುಗಿಸಿ ನೋಡಿಕೊಂಡರು. ಅವರ ಮುಖದ ಮೇಲಿದ್ದ ಎಷ್ಟೋ ದಿನದ ಭಾರ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ.

"ಹಂಗಾದ್ರ ಕೈ ಕೆಟ್ಟಿಲ್ಲೇನ್ರಿ ಬಾಯಾರ ನಂದು?"

"ಇಲ್ಲ ಮಿಸ್ತ್ರಿ, ನಿಮ್ಮ ಕೈ ಕೆಟ್ಟಿಲ್ಲ" ಎಂದೆ.

ಅಳು ಬಂದು ನನ್ನ ದನಿ ಸಣ್ಣದಾಗಿತ್ತು, ಅವರಿಗೆ ಕೇಳಿಸಲಿಲ್ಲ. ಅವರ ಕಿವಿಯ ಹತ್ತಿರ ಬಾಯಿಟ್ಟು ಇನ್ನೊಮ್ಮೆ ಕೂಗಿ ಹೇಳಿದೆ. ಆಗ ಅವರು ನಕ್ಕರು.